ಲಾಗರ್ ಯೀಸ್ಟಿನ ಕಾಡು ಪೂರ್ವಜ: ಸ್ಯಾಕರೊಮೈಸಿಸ್ ಯೂಬಯಾನಸ್‌ನ ನಿಜವಾದ ನೆಲೆ ಯಾವುದು?

ಪ್ರಶ್ನೆ: ಶಿಲೀಂಧ್ರ_ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಲಾಗರ್ ಬಿಯರ್ ತಯಾರಿಕೆಯಲ್ಲಿ ಬಳಸುವ ಸ್ಯಾಕರೊಮೈಸಿಸ್ ಪಾಸ್ಟೋರಿಯಾನಸ್ ಒಂದು ಮಿಶ್ರತಳಿ; ಅದರ ಒಂದು ಪಾಲು ಬ್ರೆಡ್ ಹಿಟ್ಟನ್ನು ಉಬ್ಬಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆಯಿಂದ ಬಂದಿದೆ, ಇನ್ನೊಂದು ಪಾಲು ಸ್ಯಾಕರೊಮೈಸಿಸ್ ಯೂಬಯಾನಸ್ ಎಂಬ ಕಾಡು ಯೀಸ್ಟಿನಿಂದ ಬಂದಿದೆ ಎಂದು ನಮ್ಮ ಪಠ್ಯದಲ್ಲಿ ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಈ ಕಾಡು ಯೀಸ್ಟನ್ನು 2011ರಲ್ಲಿ ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಗುರುತಿಸಲಾಯಿತು ಎಂಬ ಮಾಹಿತಿಯೂ ಅಲ್ಲಿದೆ.

ನನ್ನ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ಲಾಗರಿನಂತೆ ತಣ್ಣನೆಯ ನೆಲಮಾಳಿಗೆಗಳಲ್ಲಿ ಬಿಯರ್ ಹುದುಗಿಸುವ ಪದ್ಧತಿ ಜರ್ಮನಿಯ ಬವೇರಿಯಾದಲ್ಲಿ ಹದಿನೈದನೆಯ ಶತಮಾನದಷ್ಟು ಹಿಂದೆಯೇ ಇತ್ತು ಎನ್ನುತ್ತಾರೆ. ದಕ್ಷಿಣ ಅಮೆರಿಕದ ತುತ್ತತುದಿಯ ಕಾಡಿನ ಯೀಸ್ಟು ಆ ಕಾಲಕ್ಕೆ ಯುರೋಪಿನ ನೆಲಮಾಳಿಗೆಯನ್ನು ಸೇರಿದ್ದಾದರೂ ಹೇಗೆ? ಇನ್ನೊಂದು ಸಂದೇಹವೂ ಇದೆ. ಕೆಲವು ಲೇಖನಗಳು ಇದನ್ನು ಮರದ ಗಂಟುಗಳಲ್ಲಿ ಬೆಳೆಯುವ ಯೀಸ್ಟ್ ಎನ್ನುತ್ತವೆ, ಕೆಲವು ತೊಗಟೆಯ ಯೀಸ್ಟ್ ಎನ್ನುತ್ತವೆ, ಮತ್ತೆ ಕೆಲವು ಮಣ್ಣಿನಿಂದ ಬೇರ್ಪಡಿಸಿದ್ದಾಗಿ ಹೇಳುತ್ತವೆ. ಇವುಗಳಲ್ಲಿ ಯಾವುದನ್ನು ಅದರ ನಿಜವಾದ ನೆಲೆ ಎನ್ನಬೇಕು? ಆ ನೆಲೆಗೂ ಅದರ ಗುಣಲಕ್ಷಣಗಳಿಗೂ ಏನು ಸಂಬಂಧ? ವಿಚಾರ ಸಂಕಿರಣದಲ್ಲಿ ಇದೇ ವಿಷಯವನ್ನು ಮಂಡಿಸಬೇಕೆಂದಿರುವುದರಿಂದ ತಿಳಿದವರು ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಕಾಡುತೊಗಟೆ

ನಿಮ್ಮ ಎರಡನೆಯ ಸಂದೇಹದಿಂದ ಆರಂಭಿಸುತ್ತೇನೆ. ನೆಲೆ ಯಾವುದೆಂದು ಸ್ಪಷ್ಟವಾಗದೆ ಯುರೋಪಿಗೆ ಹೋದ ದಾರಿಯನ್ನು ಚರ್ಚಿಸಿ ಪ್ರಯೋಜನವಿಲ್ಲ.

ಅರ್ಜೆಂಟೀನಾದ ಬರಿಲೋಚೆ ಪಟ್ಟಣದ ಸುತ್ತ, ಸುಮಾರು 41 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಆಂಡೀಸ್ ಪರ್ವತದ ಮಗ್ಗುಲಿನಲ್ಲಿ ನಹುವೆಲ್ ಹುವಾಪಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಕಾಡುಗಳಲ್ಲಿ ನೊಥೊಫಾಗಸ್ ಕುಲದ ಮರಗಳದ್ದೇ ಪ್ರಾಬಲ್ಯ. ಇವು ಉತ್ತರ ಗೋಳದ ಬೀಚ್ ಮರಗಳ ದೂರದ ಬಂಧುಗಳು. ದಕ್ಷಿಣ ಅಮೆರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಂಥ ದಕ್ಷಿಣದ ಭೂಭಾಗಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುತ್ತವೆ. ಬರಿಲೋಚೆಯ ಸಂಶೋಧಕ ಡಿಯೆಗೊ ಲಿಬ್‌ಕಿಂಡ್, ಪೋರ್ಚುಗಲ್ಲಿನ ಜೋಸೆ ಪೌಲೊ ಸಂಪಾಯೊ, ಅಮೆರಿಕದ ಕ್ರಿಸ್ ಟಾಡ್ ಹಿಟಿಂಗರ್ ಮತ್ತು ಅವರ ಸಹೋದ್ಯೋಗಿಗಳು ಈ ಮರಗಳಿಂದ ಬೇರ್ಪಡಿಸಿದ ಯೀಸ್ಟುಗಳನ್ನು ಅಧ್ಯಯನ ಮಾಡಿ 2011ರಲ್ಲಿ ಹೊಸ ಪ್ರಭೇದವನ್ನು ವಿವರಿಸಿದರು. ಲಾಗರ್ ಯೀಸ್ಟಿನ ಜೀನೋಮಿನಲ್ಲಿ (ಅದರ ಇಡೀ ಡಿಎನ್‌ಎಯಲ್ಲಿ) ಸೆರೆವಿಸಿಯೆಗೆ ಸೇರದ ಭಾಗವನ್ನು ಇದರ ಜೀನೋಮಿನ ಪಕ್ಕದಲ್ಲಿಟ್ಟು ನೋಡಿದಾಗ ಸುಮಾರು ಶೇ. 99.5ರಷ್ಟು ಹೊಂದಿಕೆ ಕಂಡುಬಂದಿತು. ಅಲ್ಲಿಯವರೆಗೆ ಲಾಗರ್ ಯೀಸ್ಟಿನ ಈ ಎರಡನೆಯ ಪೋಷಕವನ್ನು ಕಾಡಿನಲ್ಲಿ ಯಾರೂ ಕಂಡಿರಲಿಲ್ಲ. ಬ್ರೂವರಿಯ ತೊಟ್ಟಿಗಳಲ್ಲಿ ಉಳಿದುಬಂದಿದ್ದ ಅದರ ಅರ್ಧಾಂಶ ಮಾತ್ರ ನಮಗೆ ಗೊತ್ತಿತ್ತು.

ಮರದ ಗಂಟಿನ ವಿಷಯಕ್ಕೆ ಬರೋಣ. ನೊಥೊಫಾಗಸ್ ಮರಗಳ ಮೇಲೆ ಸಿಟೇರಿಯಾ ಎಂಬ ಪರಾವಲಂಬಿ ಶಿಲೀಂಧ್ರ ಬೆಳೆಯುತ್ತದೆ. ಅದು ಕಾಂಡದ ಮೇಲೂ ಕೊಂಬೆಗಳ ಮೇಲೂ ದಪ್ಪ ಗಂಟುಗಳನ್ನು ಹುಟ್ಟಿಸುತ್ತದೆ, ವಸಂತ ಬಂದಾಗ ಆ ಗಂಟುಗಳಿಂದ ಹಳದಿ ಅಥವಾ ಕಿತ್ತಳೆ ಬಣ್ಣದ, ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ ಉಂಡೆಯಾಕಾರದ ಫಲಕಾಯಗಳನ್ನು (ಬೀಜಕಗಳನ್ನು ಹೊರುವ ಭಾಗಗಳನ್ನು) ಹೊರಹಾಕುತ್ತದೆ. ಸ್ಥಳೀಯರು ಅವನ್ನು ಲಾವ್ ಲಾವ್ ಎನ್ನುತ್ತಾರೆ. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಪಯಣದಲ್ಲಿ ಟಿಯೆರಾ ಡೆಲ್ ಫ್ಯೂಗೊದಲ್ಲಿ ಇವನ್ನು ಕಂಡು, ಅಲ್ಲಿನ ಮೂಲನಿವಾಸಿಗಳು ಇವನ್ನು ಬೇಯಿಸದೆ ಹಾಗೆಯೇ ತಿನ್ನುವುದನ್ನು ದಾಖಲಿಸಿದ್ದಾನೆ. ಅವನು ತಂದ ಮಾದರಿಗಳ ಆಧಾರದ ಮೇಲೆ ಮೈಲ್ಸ್ ಬರ್ಕ್ಲಿ 1842ರಲ್ಲಿ ಸಿಟೇರಿಯಾ ಕುಲವನ್ನು ಹೆಸರಿಸಿದ. ಈ ಫಲಕಾಯಗಳಲ್ಲಿ ಗ್ಲೂಕೋಸ್, ಫ್ರುಕ್ಟೋಸ್‌ನಂಥ ಸರಳ ಸಕ್ಕರೆಗಳು ಧಾರಾಳವಾಗಿವೆ. ಹಣ್ಣಾಗಿ ನೆಲಕ್ಕೆ ಬಿದ್ದ ಮೇಲೆ ಅವು ತಾವಾಗಿ ಹುದುಗಲು ತೊಡಗುತ್ತವೆ, ಯೂಬಯಾನಸ್ ಅಂಥ ಫಲಕಾಯಗಳಿಂದಲೂ ದೊರೆತಿದೆ.

ಹಾಗೆಂದು ಸಿಟೇರಿಯಾವನ್ನೇ ಅದರ ಮನೆ ಎಂದು ತೀರ್ಮಾನಿಸುವುದು ಆತುರವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಫಲಕಾಯಗಳು ಕಾಣಿಸಿಕೊಳ್ಳುವುದು ವರ್ಷದಲ್ಲಿ ಕೆಲವೇ ವಾರ. ಯೀಸ್ಟು ಮಾತ್ರ ವರ್ಷವಿಡೀ ಎಲ್ಲಾದರೂ ಬದುಕಿರಲೇಬೇಕು. ಅದೇ ಮರಗಳ ತೊಗಟೆಯಿಂದಲೂ ಬುಡದ ಮಣ್ಣಿನಿಂದಲೂ ಯೂಬಯಾನಸ್ ಮತ್ತೆ ಮತ್ತೆ ದೊರೆತಿದೆ, ಆಂಡೀಸ್‌ನ ಆಚೆ ಬದಿಯ ಚಿಲಿಯ ನೊಥೊಫಾಗಸ್ ಕಾಡುಗಳಲ್ಲೂ ಯಥೇಚ್ಛವಾಗಿ ಸಿಕ್ಕಿದೆ. ಹೀಗಾಗಿ ಮರವನ್ನೂ ಅದರ ತೊಗಟೆಯನ್ನೂ ಬುಡದ ಮಣ್ಣನ್ನೂ ಒಟ್ಟಾಗಿ ಅದರ ನೆಲೆ ಎಂದೂ, ಸಿಟೇರಿಯಾವನ್ನು ಆ ನೆಲೆಯಲ್ಲಿ ವರ್ಷಕ್ಕೊಮ್ಮೆ ಬರುವ ಸುಗ್ಗಿ ಎಂದೂ ತಿಳಿಯುವುದು ಸತ್ಯಕ್ಕೆ ಹೆಚ್ಚು ಹತ್ತಿರ. ಲೇಖನಗಳು ಮೂರು ಬೇರೆ ಬೇರೆ ಉತ್ತರ ಕೊಡುವುದಕ್ಕೂ ಇದೇ ಕಾರಣ. ಅವು ಒಂದೇ ನೆಲೆಯ ಮೂರು ಭಾಗಗಳನ್ನು ಹೇಳುತ್ತಿವೆ.

ಪತ್ತೆ ಹಚ್ಚುವ ವಿಧಾನವನ್ನೂ ನಿಮ್ಮ ಮಂಡನೆಯಲ್ಲಿ ಸೇರಿಸಿಕೊಳ್ಳಿ. ತೊಗಟೆಯ ಚೂರನ್ನು ನೇರವಾಗಿ ಅಗರ್ ತಟ್ಟೆಯ ಮೇಲಿಟ್ಟರೆ ಬೂಷ್ಟು, ಬ್ಯಾಕ್ಟೀರಿಯಾ, ಇತರ ಯೀಸ್ಟುಗಳೆಲ್ಲ ಮೊದಲು ಮೇಲೆದ್ದು, ಅಲ್ಪಸಂಖ್ಯೆಯಲ್ಲಿರುವ ಸ್ಯಾಕರೊಮೈಸಿಸ್ ಮುಚ್ಚಿಹೋಗುತ್ತದೆ. ಆದ್ದರಿಂದ ಸಂಪಾಯೊ ಮತ್ತು ಪೌಲಾ ಗೊನ್ಸಾಲ್ವೆಸ್ 2008ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಶೇ. 1ರಷ್ಟು ರಾಫಿನೋಸ್ ಸಕ್ಕರೆ, ಶೇ. 8ರಷ್ಟು ಎಥನಾಲ್ ಇರುವ ದ್ರವ ಮಾಧ್ಯಮದಲ್ಲಿ ಮಾದರಿಯನ್ನು ಇಡುತ್ತಾರೆ. ಇಷ್ಟು ಮದ್ಯಸಾರವನ್ನು ತಾಳಿಕೊಂಡು ಬೆಳೆಯುವ ಜೀವಿಗಳು ವಿರಳ. ಒಂದು ಸೀಸೆಯನ್ನು ಕೋಣೆಯ ಉಷ್ಣತೆಗಿಂತ ತುಸು ಬೆಚ್ಚಗೆ, ಇನ್ನೊಂದನ್ನು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಒಂದೇ ಮರದಿಂದ ಬೇರೆ ಬೇರೆ ಪ್ರಭೇದಗಳು ಹೊರಬರುತ್ತವೆ, ಬೆಚ್ಚಗಿನದರಲ್ಲಿ ಉಷ್ಣಪ್ರಿಯ ಪ್ರಭೇದಗಳು, ತಣ್ಣಗಿನದರಲ್ಲಿ ಯೂಬಯಾನಸ್‌ನಂಥ ಶೀತಸಹಿಷ್ಣುಗಳು. ಬೆಚ್ಚಗಿನ ಸೀಸೆಯೊಂದನ್ನೇ ಬಳಸಿ ಹುಡುಕುತ್ತಿದ್ದಷ್ಟು ಕಾಲ ಈ ಯೀಸ್ಟು ಕಣ್ಣಿಗೆ ಬೀಳುವ ಸಾಧ್ಯತೆಯೇ ಕಡಿಮೆಯಿತ್ತು.

ಉತ್ತರ: ಹುದುಗುತೊಟ್ಟಿ

ನೆಲೆಯ ಬಗ್ಗೆ ಕಾಡುತೊಗಟೆ ಅವರು ಬರೆದದ್ದಕ್ಕೆ ಗುಣಲಕ್ಷಣಗಳ ಭಾಗವನ್ನು ಸೇರಿಸುತ್ತೇನೆ. ನನ್ನ ವೃತ್ತಿ ಬ್ರೂವರಿಯದ್ದಾದ್ದರಿಂದ ಈ ಯೀಸ್ಟನ್ನು ಹುದುಗಿಸುವವನ ಕಣ್ಣಿನಿಂದ ನೋಡಿ ಅಭ್ಯಾಸವಾಗಿದೆ, ಆದರೂ ಅದರ ಪ್ರತಿಯೊಂದು ಗುಣವೂ ಕಾಡಿನ ಕಡೆಗೇ ಬೆರಳು ತೋರಿಸುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದಕ್ಕೂ ಇದರ ಬಂಧುಗಳಿಗೂ ವ್ಯತ್ಯಾಸ ಕಾಣುವುದಿಲ್ಲ. ದುಂಡಗಿನ ಅಥವಾ ಅಂಡಾಕಾರದ ಕೋಶಗಳು ಮೊಗ್ಗೊಡೆದು ವೃದ್ಧಿಯಾಗುತ್ತವೆ. ಆಹಾರ ಮುಗಿದಾಗ ಒಂದು ಚೀಲದಲ್ಲಿ ಹೆಚ್ಚೆಂದರೆ ನಾಲ್ಕು ಬೀಜಕಗಳನ್ನು ಕಟ್ಟಿಕೊಂಡು ಕಷ್ಟಕಾಲವನ್ನು ಕಳೆಯುತ್ತವೆ. ಕಾಡಿನ ತಳಿಗಳು ಸಾಮಾನ್ಯವಾಗಿ ದ್ವಿಗುಣಿತ ಸ್ಥಿತಿಯಲ್ಲಿರುತ್ತವೆ, ಅಂದರೆ 16 ವರ್ಣತಂತುಗಳ ಎರಡೆರಡು ಪ್ರತಿಗಳನ್ನು ಹೊಂದಿರುತ್ತವೆ. ಗಾಳಿ ಇದ್ದಾಗಲೂ ಸಕ್ಕರೆ ಹೇರಳವಾಗಿದ್ದರೆ ಅದನ್ನು ಮದ್ಯಸಾರವಾಗಿ ಪರಿವರ್ತಿಸುವ ಅಭ್ಯಾಸ ಇದಕ್ಕೂ ಇದೆ, ಅದು ಇಡೀ ಕುಲದ ಲಕ್ಷಣ. ಹೀಗಾಗಿ ರೂಪ ನೋಡಿ ಪ್ರಭೇದವನ್ನು ಹೇಳಲು ಸಾಧ್ಯವಿಲ್ಲ, ಡಿಎನ್‌ಎ ಓದಲೇಬೇಕು. ಅತ್ಯಂತ ಸಮೀಪದ ಬಂಧು ಸ್ಯಾಕರೊಮೈಸಿಸ್ ಉವಾರಮ್ ಪ್ಯಾಟಗೋನಿಯಾದ ಅದೇ ಕಾಡುಗಳಲ್ಲಿ ಇದರ ಜೊತೆಯಲ್ಲೇ ವಾಸಿಸುವುದರಿಂದ ಈ ಎಚ್ಚರಿಕೆ ಇನ್ನೂ ಹೆಚ್ಚು ಅಗತ್ಯ. ಹಿಂದೆ ಬಯಾನಸ್ ಎಂಬ ಹೆಸರಿನಲ್ಲಿ ಪ್ರಯೋಗಾಲಯಗಳಲ್ಲಿದ್ದ ತಳಿಗಳು ಬಹುಮಟ್ಟಿಗೆ ಉವಾರಮ್ ಮತ್ತು ಯೂಬಯಾನಸ್‌ಗಳ ಮಿಶ್ರಣವೆಂದು ಈಗ ಗೊತ್ತಾಗಿದೆ.

ಇದರ ಮುಖ್ಯ ಗುಣ ಶೀತಸಹಿಷ್ಣುತೆ. ಹತ್ತು ಡಿಗ್ರಿಯಲ್ಲಿ, ಅದಕ್ಕಿಂತ ಕಡಿಮೆಯಲ್ಲೂ ಇದು ಚೆನ್ನಾಗಿ ಬೆಳೆಯುತ್ತದೆ. ಸೆರೆವಿಸಿಯೆ ಸಂತೋಷವಾಗಿ ಬೆಳೆಯುವ 37 ಡಿಗ್ರಿಯಲ್ಲಿ ಇದು ಬೆಳೆಯುವುದೇ ಇಲ್ಲ. ಆಂಡೀಸ್ ತಪ್ಪಲಿನ ಹಿಮ ಬೀಳುವ ಕಾಡಿನಲ್ಲಿ ಬದುಕುವ ಜೀವಿಗೆ ಬೇಕಾದದ್ದೂ ಇದೇ. ಈ ಗುಣದ ಒಂದು ಮುಖ್ಯ ಭಾಗ ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ ಅಂಗದ) ಡಿಎನ್‌ಎಯಲ್ಲಿದೆ ಎಂದು 2019ರಲ್ಲಿ ತೋರಿಸಲಾಯಿತು. ಸೆರೆವಿಸಿಯೆ ಮತ್ತು ಯೂಬಯಾನಸ್‌ಗಳನ್ನು ಕೂಡಿಸಿ, ಕೋಶಕೇಂದ್ರದ ಜೀನೋಮ್ ಒಂದೇ ಇದ್ದರೂ ಮೈಟೊಕಾಂಡ್ರಿಯ ಬೇರೆ ಬೇರೆ ಪೋಷಕರಿಂದ ಬಂದಿರುವಂತೆ ಮಿಶ್ರತಳಿಗಳನ್ನು ತಯಾರಿಸಿದಾಗ, ಯೂಬಯಾನಸ್‌ನ ಮೈಟೊಕಾಂಡ್ರಿಯ ಪಡೆದವು ತಂಪಿನಲ್ಲಿ ಮುಂದಾದವು, ಸೆರೆವಿಸಿಯೆಯದನ್ನು ಪಡೆದವು ಬಿಸಿಯಲ್ಲಿ ಮುಂದಾದವು. ಕೈಗಾರಿಕೆಯ ಲಾಗರ್ ತಳಿಗಳಲ್ಲಿ ಇರುವುದು ಯೂಬಯಾನಸ್‌ನ ಮೈಟೊಕಾಂಡ್ರಿಯ. ಲಾಗರನ್ನು ಸುಮಾರು 8ರಿಂದ 15 ಡಿಗ್ರಿಯ ನಡುವೆ ಹುದುಗಿಸಲು ಸಾಧ್ಯವಾಗಿರುವುದರ ಹಿಂದೆ ಈ ಬಳುವಳಿಯಿದೆ.

ಸಕ್ಕರೆಗಳ ವಿಷಯ ಇನ್ನೂ ಕುತೂಹಲಕಾರಿ. ಮೊಳಕೆಯೊಡೆದ ಬಾರ್ಲಿಯ ರಸದಲ್ಲಿ ಎರಡು ಗ್ಲೂಕೋಸ್ ಸೇರಿದ ಮಾಲ್ಟೋಸ್ ಅತಿ ಹೆಚ್ಚು, ಅದರ ನಂತರ ಮೂರು ಗ್ಲೂಕೋಸ್ ಸೇರಿದ ಮಾಲ್ಟೊಟ್ರಯೋಸ್. ಪ್ಯಾಟಗೋನಿಯಾದ ಯೂಬಯಾನಸ್ ತಳಿ ಮಾಲ್ಟೋಸನ್ನು ಬಳಸಿಕೊಳ್ಳುತ್ತದೆ, ಮಾಲ್ಟೊಟ್ರಯೋಸನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಕಾಡಿನಲ್ಲಿ ಅದಕ್ಕೆ ಎದುರಾಗುವುದು ಹೆಚ್ಚಾಗಿ ಸರಳ ಸಕ್ಕರೆಗಳಾದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಹಾಗಿದ್ದರೆ ಲಾಗರ್ ಯೀಸ್ಟಿಗೆ ಮಾಲ್ಟೊಟ್ರಯೋಸ್ ಬಳಸುವ ಶಕ್ತಿ ಬಂದದ್ದು ಎಲ್ಲಿಂದ? ಟಿಬೆಟ್ ಪ್ರಸ್ಥಭೂಮಿಯ ಒಂದು ಯೂಬಯಾನಸ್ ತಳಿಯಲ್ಲಿ ಈ ಸಕ್ಕರೆಯನ್ನು ಕೋಶದೊಳಗೆ ಸಾಗಿಸುವ ಪ್ರೋಟೀನುಗಳ ಜೀನುಗಳಿವೆ, ಆದರೆ ಅವುಗಳನ್ನು ಚಾಲೂ ಮಾಡುವ ನಿಯಂತ್ರಕ ಕೆಲಸ ಮಾಡದೆ ಇರುವುದರಿಂದ ಅದೊಂದೇ ಇದ್ದಾಗ ಮಾಲ್ಟೋಸನ್ನೂ ಬಳಸಿಕೊಳ್ಳಲಾರದು. ಮಾಲ್ಟೊಟ್ರಯೋಸ್ ಬಳಸಲಾರದ ಒಂದು ಸೆರೆವಿಸಿಯೆ ತಳಿಯೊಂದಿಗೆ ಅದನ್ನು ಪ್ರಯೋಗಾಲಯದಲ್ಲಿ ಕೂಡಿಸಿದಾಗ, ಸೆರೆವಿಸಿಯೆ ನಿಯಂತ್ರಕವನ್ನು ಒದಗಿಸಿತು, ಯೂಬಯಾನಸ್ ಸಾಗಣೆಯ ಪ್ರೋಟೀನನ್ನು ಒದಗಿಸಿತು. ತಾಯಿತಂದೆ ಇಬ್ಬರಿಗೂ ಆಗದ ಕೆಲಸ ಮಗುವಿಗೆ ಸಾಧ್ಯವಾಯಿತು. ಇದೂ 2019ರಲ್ಲೇ ಪ್ರಕಟವಾದ ಸಂಗತಿ. ನಿಮ್ಮ ಮಂಡನೆಯಲ್ಲಿ ಒಂದೇ ಒಂದು ಪ್ರಯೋಗವನ್ನು ವಿವರಿಸಲು ಅವಕಾಶವಿದ್ದರೆ ಇದನ್ನೇ ಆರಿಸಿಕೊಳ್ಳಿ ಎಂದು ಒತ್ತಾಯಿಸುತ್ತೇನೆ.

ರುಚಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಧಾನ್ಯದ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲವನ್ನು ಈ ಯೀಸ್ಟು ಲವಂಗದ ಪರಿಮಳ ಕೊಡುವ ಫಿನಾಲ್ ಆಗಿ ಮಾರ್ಪಡಿಸುತ್ತದೆ. ಲಾಗರ್ ತಳಿಗಳು ಬ್ರೂವರಿಯ ವಾಸದಲ್ಲಿ ಈ ಗುಣವನ್ನು ಕಳೆದುಕೊಂಡಿವೆ. 2017ರಲ್ಲಿ ಹೈನೆಕೆನ್ ಸಂಸ್ಥೆ ಪ್ಯಾಟಗೋನಿಯಾದ ಕಾಡು ಯೀಸ್ಟಿನಿಂದಲೇ ಹುದುಗಿಸಿದ ಲಾಗರನ್ನು ಎಚ್41 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಾಗ ಆ ಸಂಖ್ಯೆ ಸೂಚಿಸಿದ್ದು ಮೇಲೆ ಹೇಳಿದ ಅಕ್ಷಾಂಶವನ್ನು.

ಉತ್ತರ: ನಾಲ್ಕಕ್ಷರ

ಓದುಗಿ ಅವರ ಮೊದಲ ಪ್ರಶ್ನೆಯೇ ನನಗೆ ಅತ್ಯಂತ ಮುಖ್ಯವೆನಿಸಿತು. ಆ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ, ಅದನ್ನು ಹೊರತೆಗೆದು ನೋಡಬೇಕು. ಮೊದಲು ಪ್ಯಾಟಗೋನಿಯಾದಲ್ಲಿ ಸಿಕ್ಕಿತು ಎಂಬುದರಿಂದ ಅದು ಪ್ಯಾಟಗೋನಿಯಾದಲ್ಲಿ ಮಾತ್ರ ಇದೆ ಎಂದಾಗುವುದಿಲ್ಲ, ಯುರೋಪಿಗೆ ಅಲ್ಲಿಂದಲೇ ಹೋಯಿತು ಎಂದಂತೂ ಆಗುವುದಿಲ್ಲ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಮೊದಲು ಸಿಕ್ಕ ಜಾಗ ಎಂಬುದು ಬಹುಪಾಲು ಮೊದಲು ಹುಡುಕಿದ ಜಾಗವೇ ಆಗಿರುತ್ತದೆ.

2011ರ ನಂತರ ನಡೆದದ್ದನ್ನು ನೋಡಿ. 2014ರಲ್ಲಿ ಚೀನಾದ ಸಂಶೋಧಕರು ಟಿಬೆಟ್ ಪ್ರಸ್ಥಭೂಮಿ ಮತ್ತು ಪಶ್ಚಿಮ ಚೀನಾದ ಎತ್ತರದ ಕಾಡುಗಳಲ್ಲಿ ಯೂಬಯಾನಸ್ ಇರುವುದನ್ನು ವರದಿ ಮಾಡಿದರು. ಅವುಗಳಲ್ಲಿ ಟಿಬೆಟ್ಟಿನ ತಳಿಗಳು ಲಾಗರ್ ಯೀಸ್ಟಿನ ಯೂಬಯಾನಸ್ ಭಾಗಕ್ಕೆ ಸುಮಾರು ಶೇ. 99.8ರಷ್ಟು ಹೊಂದುತ್ತಿದ್ದವು, ಅಂದರೆ ಪ್ಯಾಟಗೋನಿಯಾದವಕ್ಕಿಂತ ಹತ್ತಿರ. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲವು ತಳಿಗಳು ಸಿಕ್ಕವು. ಅವು ಪ್ಯಾಟಗೋನಿಯಾದ ಎರಡು ಪ್ರತ್ಯೇಕ ಸಮುದಾಯಗಳ ಬೆರಕೆಯಾಗಿದ್ದವು. ಮುಂದೆ ಉತ್ತರ ಕೆರೊಲೈನಾದಲ್ಲಿ ಸಿಕ್ಕ ತಳಿ ಟಿಬೆಟ್ಟಿನದಕ್ಕೂ ಲಾಗರಿನದಕ್ಕೂ ಬಹಳ ಸಮೀಪದ್ದು. ನ್ಯೂಜಿಲೆಂಡಿನ ಉತ್ತರ ದ್ವೀಪದ ಸಹಜ ಕಾಡುಗಳಲ್ಲೂ ಈ ಪ್ರಭೇದ ದೊರೆಯಿತು. ಉತ್ತರ ಗೋಳದಲ್ಲಿ ಹರಡಿರುವ ಆ ಸಮೀಪದ ವಂಶವನ್ನು ಈಗ ಹೊಲಾರ್ಕ್ಟಿಕ್ ವಂಶ ಎಂದು ಕರೆಯುತ್ತಾರೆ, ಲಾಗರ್ ಯೀಸ್ಟಿನ ಪೋಷಕ ಈ ವಂಶಕ್ಕೇ ಸೇರಿದ್ದು ಎಂಬ ತೀರ್ಮಾನಕ್ಕೆ ಜೀನೋಮ್ ಪುರಾವೆಗಳು ಬಲವಾದ ಆಧಾರ ನೀಡುತ್ತವೆ.

ಆದರೂ ಯುರೋಪಿನ ನೆಲದಲ್ಲಿ ಜೀವಂತ ತಳಿಯೊಂದು ಸಿಗದೆ ಇದ್ದದ್ದು ಬಹುಕಾಲ ಕಾಡಿದ ಕೊರತೆಯಾಗಿತ್ತು. ಅದು ತುಂಬಿದ್ದು ಐರ್ಲೆಂಡಿನಲ್ಲಿ. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನ ಆವರಣದ ಕಾಡುಮರಗಳ ಮಣ್ಣಿನಿಂದ 2021ರಲ್ಲಿ ಸಂಗ್ರಹಿಸಿದ ಮಾದರಿಗಳಲ್ಲಿ ಎರಡು ಯೂಬಯಾನಸ್ ತಳಿಗಳು ಸಿಕ್ಕವು, ಅದನ್ನು 2022ರಲ್ಲಿ ಪ್ರಕಟಿಸಲಾಯಿತು. ಅವುಗಳ ಜೀನೋಮ್ ಓದಿದಾಗ ಅವೂ ಹೊಲಾರ್ಕ್ಟಿಕ್ ವಂಶದವೇ ಎಂದು ತಿಳಿದುಬಂತು. ದೂರದ ದುರ್ಗಮ ಕಾಡಿನಲ್ಲಲ್ಲ, ವಿದ್ಯಾರ್ಥಿಗಳು ದಿನವೂ ಓಡಾಡುವ ಆವರಣದಲ್ಲಿ ಇದು ಸಿಕ್ಕಿತು ಎಂಬುದನ್ನು ನಿಮ್ಮಂಥ ವಿದ್ಯಾರ್ಥಿಗಳು ಗಮನಿಸಬೇಕೆಂದು ನನ್ನ ಆಸೆ.

ಹೀಗಾಗಿ ಕೊಲಂಬಸ್‌ನ ನಂತರದ ಹಡಗುಗಳಲ್ಲಿ ಮರದ ದಿಮ್ಮಿಗೋ ಹಣ್ಣಿನ ನೊಣಕ್ಕೋ ಅಂಟಿಕೊಂಡು ಯೀಸ್ಟು ಬವೇರಿಯಾಕ್ಕೆ ಬಂದಿರಬೇಕು ಎಂಬ ಆರಂಭದ ಊಹೆಯ ಅಗತ್ಯವೇ ಈಗ ಉಳಿದಿಲ್ಲ. ಯುರೋಪಿನಲ್ಲಿ ಅದು ಇತ್ತು, ಇದೆ. ಬವೇರಿಯಾದ ಬ್ರೂವರಿಗಳು ಅದಕ್ಕೆ ಅನುಕೂಲವಾದ ವಾತಾವರಣವನ್ನು ಕಟ್ಟಿಕೊಟ್ಟವು. ಅಲ್ಲಿನ ಡ್ಯೂಕ್ ಐದನೆಯ ಆಲ್ಬ್ರೆಕ್ಟ್ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನು ನಿಷೇಧಿಸಿದ, ಬೇಸಿಗೆಯಲ್ಲಿ ಹುದುಗಿಸಿದ ಬಿಯರು ಕೆಡುತ್ತಿತ್ತೆಂಬ ಕಾರಣಕ್ಕೆ. ಇದರ ಫಲವಾಗಿ ಚಳಿಗಾಲದಲ್ಲಿ ಮಾತ್ರ ಹುದುಗಿಸುವುದು ಕಡ್ಡಾಯವಾಯಿತು. ತಂಪಿನಲ್ಲಿ ಬೆಳೆಯಬಲ್ಲ ಯೀಸ್ಟಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೇನಿದೆ?

ಮಿಶ್ರತಳಿ ಹುಟ್ಟಿದ ಸಂದರ್ಭದ ಬಗ್ಗೆ 2023ರಲ್ಲಿ ಮಂಡಿಸಲಾದ ಒಂದು ವಾದವಿದೆ. ಇದನ್ನು ವಾದವೆಂದೇ ಓದಿಕೊಳ್ಳಿ, ಸಾಬೀತಾದ ಇತಿಹಾಸವೆಂದಲ್ಲ. ಬವೇರಿಯಾದಲ್ಲಿ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು 1602ರಲ್ಲಿ ಡ್ಯೂಕ್ ಒಂದನೆಯ ಮ್ಯಾಕ್ಸಿಮಿಲಿಯನ್‌ನ ಕೈಸೇರಿತು. ಶ್ವಾರ್ಜಾಕ್ ಎಂಬಲ್ಲಿನ ಗೋಧಿ ಬಿಯರಿನ ಯೀಸ್ಟನ್ನು 1607ರಲ್ಲಿ ಮ್ಯೂನಿಕ್‌ನ ಆಸ್ಥಾನದ ಬ್ರೂವರಿಗೆ ತರಲಾಯಿತು. ಅಲ್ಲಿ ಆಗಲೇ ತಂಪಿನ ಹುದುಗುವಿಕೆ ರೂಢಿಯಲ್ಲಿತ್ತು. ಗೋಧಿ ಬಿಯರಿನ ಸೆರೆವಿಸಿಯೆಯೂ ತಂಪಿನ ತೊಟ್ಟಿಯ ಯೂಬಯಾನಸ್ಸೂ ಎದುರಾಗಿ, ಕೂಡಿ, ಪಾಸ್ಟೋರಿಯಾನಸ್ ಹುಟ್ಟಿತು ಎಂಬುದು ಆ ವಾದದ ಸಾರಾಂಶ. ಲಾಗರ್ ಯೀಸ್ಟಿನ ಸೆರೆವಿಸಿಯೆ ಭಾಗ ಗೋಧಿ ಬಿಯರಿನ ತಳಿಗಳಿಗೆ ಹತ್ತಿರವಿರುವುದು ಇದಕ್ಕೆ ಬೆಂಬಲ ಕೊಡುತ್ತದೆ. ಈ ವಾದ ನಿಲ್ಲುವುದಾದರೆ ನಿಮ್ಮ ಪ್ರಶ್ನೆಯ ಕಾಲಗಣನೆಯೂ ಸರಿಹೋಗುತ್ತದೆ: ಹದಿನೈದನೆಯ ಶತಮಾನದ ತಂಪಿನ ಬಿಯರನ್ನು ಹುದುಗಿಸಿದ್ದು ಈಗಿನ ಮಿಶ್ರತಳಿಯೇ ಆಗಿರಬೇಕಿಲ್ಲ.

ಅಲ್ಲಿಂದ ಮುಂದಿನ ಹಾದಿ ದಾಖಲೆಗಳಲ್ಲಿದೆ. ಜೇಕಬ್ ಕ್ರಿಶ್ಚನ್ ಜೇಕಬ್ಸನ್ 1845ರಲ್ಲಿ ಮ್ಯೂನಿಕ್‌ನಿಂದ ಯೀಸ್ಟನ್ನು ಕೋಪನ್‌ಹೇಗನ್‌ಗೆ ಕೊಂಡೊಯ್ದ, ಅವನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದ. ಆ ಮಿಶ್ರತಳಿಗಳು ಲೈಂಗಿಕವಾಗಿ ಬಹುತೇಕ ಬಂಜೆ, ಬದುಕುಳಿಯುವ ಬೀಜಕಗಳನ್ನು ಕೊಡುವುದೇ ಅಪರೂಪ. ಬ್ರೂವರಿಯ ಹೊರಗೆ ಅವುಗಳಿಗೆ ನೆಲೆಯಿಲ್ಲ. ಕಾಡಿನ ಯೂಬಯಾನಸ್ ಹಾಗಲ್ಲ: ಪ್ಯಾಟಗೋನಿಯಾದಲ್ಲಿ ಅದರ ಸಮುದಾಯಗಳು ಎರಡು ದೊಡ್ಡ ಗುಂಪುಗಳಾಗಿಯೂ ಅವುಗಳೊಳಗೆ ಹಲವು ಉಪಗುಂಪುಗಳಾಗಿಯೂ ಒಡೆದಿವೆ, ಅಲ್ಲಿನ ವೈವಿಧ್ಯ ಉತ್ತರ ಗೋಳದಲ್ಲಿ ಕಂಡದ್ದಕ್ಕಿಂತ ಬಹಳ ಹೆಚ್ಚು.

ಒಂದು ಸಣ್ಣ ಮಾತು ಕಾಡುತೊಗಟೆ ಅವರಿಗೆ. ಮರವನ್ನು ಅದರ ನೆಲೆ ಎನ್ನುವಾಗ ನೊಥೊಫಾಗಸ್ ಎಂಬ ಒಂದೇ ಕುಲಕ್ಕೆ ಕಟ್ಟಿಹಾಕಬಾರದು. ವಿಸ್ಕಾನ್ಸಿನ್, ಟಿಬೆಟ್, ಡಬ್ಲಿನ್‌ಗಳ ತಳಿಗಳು ಆ ಮರವನ್ನಾಗಲಿ ಸಿಟೇರಿಯಾವನ್ನಾಗಲಿ ಅವಲಂಬಿಸಿಲ್ಲ. ತಂಪಾದ ಹವೆಯ ಅಗಲ ಎಲೆಯ ಮರಗಳ ಕಾಡು ಎಂದು ಸ್ವಲ್ಪ ಸಡಿಲವಾಗಿ ಹೇಳುವುದೇ ಕ್ಷೇಮ.

ಮರುಪ್ರಶ್ನೆ: ಶಿಲೀಂಧ್ರ_ಓದುಗಿ

ಇಷ್ಟು ಶ್ರಮವಹಿಸಿ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಬ್ಲಿನ್ ಆವರಣದ ಸಂಗತಿ ಓದಿದ ಮೇಲೆ ಮತ್ತೊಂದು ಪ್ರಶ್ನೆ ಹುಟ್ಟಿದೆ. ನಮ್ಮ ಊರು ಚಿಕ್ಕಮಗಳೂರಿನ ಹತ್ತಿರ. ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆಯ ಶೋಲಾ ಕಾಡುಗಳಲ್ಲಿ ಚಳಿಗಾಲದ ರಾತ್ರಿಗಳು ಸಾಕಷ್ಟು ತಂಪಾಗಿರುತ್ತವೆ. ಅಲ್ಲಿನ ತೊಗಟೆಗಳಲ್ಲಿ ಯೂಬಯಾನಸ್ಸನ್ನು ಹುಡುಕುವುದು ಎಂ.ಎಸ್ಸಿ. ಯೋಜನೆಗೆ ತಕ್ಕ ಕೆಲಸವೆನ್ನಿಸುತ್ತದೆಯೇ, ಅಥವಾ ಬೇರೆ ಗುರಿ ಇಟ್ಟುಕೊಳ್ಳಬೇಕೇ?

ಉತ್ತರ: ಕಾಡುತೊಗಟೆ

ಮೊದಲು ನಾಲ್ಕಕ್ಷರ ಅವರ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತೇನೆ. ನಾನು ಬರೆದದ್ದು ಪ್ಯಾಟಗೋನಿಯಾಕ್ಕೆ ಸೀಮಿತವಾಗಿತ್ತು, ಪ್ರಭೇದಕ್ಕೆ ಅನ್ವಯಿಸುವಾಗ ಅವರ ಮಾತೇ ಸರಿ.

ನಿಮ್ಮ ಯೋಜನೆಯ ಬಗ್ಗೆ ನೇರವಾಗಿ ಹೇಳಬೇಕೆಂದರೆ, ಯೂಬಯಾನಸ್ ಸಿಕ್ಕೇ ಸಿಗಬೇಕೆಂಬ ಗುರಿ ಇಟ್ಟುಕೊಳ್ಳಬೇಡಿ, ಆದರೆ ಹುಡುಕುವ ಕೆಲಸವನ್ನು ಖಂಡಿತ ಕೈಗೆತ್ತಿಕೊಳ್ಳಿ. ಈ ಪ್ರಭೇದ ದೊರೆತ ಸ್ಥಳಗಳೆಲ್ಲ ಸಮಶೀತೋಷ್ಣ ವಲಯದವು ಅಥವಾ ಬಹಳ ಎತ್ತರದ ಪರ್ವತಗಳವು. ನಮ್ಮ ಶೋಲಾಗಳಲ್ಲಿ ರಾತ್ರಿಗಳು ತಂಪಾಗಿದ್ದರೂ ಬೇಸಿಗೆಯ ಹಗಲುಗಳು ಹಾಗಿರುವುದಿಲ್ಲ. ಈ ಕುಲದ ಯೀಸ್ಟುಗಳು ಉತ್ತರ ಗೋಳದಲ್ಲಿ ಹೆಚ್ಚಾಗಿ ಸಿಗುವುದು ಓಕ್ ಮರಗಳ ತೊಗಟೆಯಲ್ಲಿ. ಓಕ್ ಮರಗಳು ಹಿಮಾಲಯದಲ್ಲಿ ಸಹಜವಾಗಿವೆ, ಪಶ್ಚಿಮ ಘಟ್ಟದಲ್ಲಿ ಇಲ್ಲ. ಭಾರತದಲ್ಲಿ ಯೂಬಯಾನಸ್ಸನ್ನೇ ಗುರಿಯಾಗಿಟ್ಟು ಹುಡುಕುವವರು ಉತ್ತರಾಖಂಡ, ಹಿಮಾಚಲ, ಸಿಕ್ಕಿಂ, ಅರುಣಾಚಲಗಳ ಓಕ್ ಕಾಡುಗಳಿಂದ ಆರಂಭಿಸುವುದು ಸೂಕ್ತ, ಟಿಬೆಟ್ಟಿನ ತಳಿಗಳ ನೆಲೆಗೆ ಅವು ಹತ್ತಿರವೂ ಹೌದು.

ಪಶ್ಚಿಮ ಘಟ್ಟದಲ್ಲಿ ನೀವು ನಿರೀಕ್ಷಿಸಬಹುದಾದದ್ದು ಕಾಡಿನ ಸೆರೆವಿಸಿಯೆ, ಅದೇನೂ ಕಡಿಮೆ ಮಹತ್ವದ್ದಲ್ಲ. ಈಚಲು, ತೆಂಗು, ಬಗನಿ ಮರಗಳಿಂದ ಇಳಿಸಿದ ರಸ ಕೆಲವೇ ಗಂಟೆಗಳಲ್ಲಿ ಹೆಂಡವಾಗುವಾಗ ಅದರಲ್ಲಿ ಸೆರೆವಿಸಿಯೆ ಪ್ರಮುಖ ಪಾತ್ರ ವಹಿಸುತ್ತದೆ. ಮಲೇಷ್ಯಾದ ಮಳೆಕಾಡಿನಲ್ಲಿ ಬರ್ಟಮ್ ಎಂಬ ತಾಳೆಯ ಹೂವಿನ ಮಕರಂದ ತಾನಾಗಿ ಹುದುಗುತ್ತದೆ, ಅಲ್ಲಿ ಸೆರೆವಿಸಿಯೆಯ ಒಂದು ಪ್ರತ್ಯೇಕ ಕಾಡು ವಂಶವೇ ವಾಸಿಸುತ್ತದೆ. ಚೀನಾದ ಹೈನಾನ್ ದ್ವೀಪದ ಪ್ರಾಚೀನ ಕಾಡುಗಳಲ್ಲಿ ಸೆರೆವಿಸಿಯೆಯ ಬಹಳ ಹಳೆಯ ವಂಶಗಳು 2012ರಲ್ಲಿ ವರದಿಯಾದವು. ಉಷ್ಣವಲಯದ ಕಾಡು ಎಂದರೆ ಈ ಕುಲಕ್ಕೆ ಬರಡು ನೆಲ ಎಂದು ಯಾರೂ ತಿಳಿಯಬಾರದು.

ಕ್ರಮ ಹೀಗಿರಲಿ. ಹಳೆಯ ಮರಗಳ ಬುಡದಲ್ಲಿ, ತೊಗಟೆಯ ಬಿರುಕಿನಲ್ಲಿ ರಸ ಒಸರುವ ಕಡೆ, ಸೋಂಕು ತೆಗೆದ ಚಾಕುವಿನಿಂದ ಸಣ್ಣ ಚೂರುಗಳನ್ನು ತೆಗೆಯಿರಿ, ಪಕ್ಕದಲ್ಲೇ ಎಲೆಗೊಬ್ಬರದ ಕೆಳಗಿನ ಮಣ್ಣನ್ನೂ ಸಂಗ್ರಹಿಸಿ. ಪ್ರತಿ ಮಾದರಿಗೂ ಮರದ ಹೆಸರು, ಎತ್ತರ, ದಿನಾಂಕ, ಆ ಹೊತ್ತಿನ ಉಷ್ಣತೆ ಬರೆದಿಡಿ. ಇವಿಲ್ಲದ ತಳಿ ಮುಂದೆ ನೆಲೆಯ ಬಗ್ಗೆ ಏನನ್ನೂ ಹೇಳಲಾರದು. ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ, ರಾಫಿನೋಸ್ ಮತ್ತು ಎಥನಾಲ್ ಮಾಧ್ಯಮದಲ್ಲಿ ಒಂದನ್ನು 10 ಡಿಗ್ರಿಯಲ್ಲಿ, ಇನ್ನೊಂದನ್ನು 28 ಅಥವಾ 30 ಡಿಗ್ರಿಯಲ್ಲಿ ಇಡಿ. ತಣ್ಣಗಿನ ಸೀಸೆಗಳಿಗೆ ವಾರಗಟ್ಟಲೆ ಕಾಲಾವಕಾಶ ಬೇಕಾಗುತ್ತದೆ, ಬೇಗ ಬಿಸಾಡಬೇಡಿ. ಬೆಳೆದುಬಂದ ಯೀಸ್ಟು ಬೀಜಕ ಕಟ್ಟುತ್ತದೆಯೇ ಎಂದು ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿ, ಆಮೇಲೆ ರೈಬೊಸೋಮ್ ಜೀನುಗಳ ನಡುವಿನ ಐಟಿಎಸ್ ಭಾಗದ ಅನುಕ್ರಮ ಓದಿಸಿ. ಉವಾರಮ್ ಮತ್ತು ಯೂಬಯಾನಸ್‌ಗಳಂಥ ಸಮೀಪದ ಪ್ರಭೇದಗಳನ್ನು ಬೇರ್ಪಡಿಸಲು ಇನ್ನೂ ಕೆಲವು ಜೀನುಗಳನ್ನು ಓದಿಸಬೇಕಾಗಬಹುದು.

ಕಾಡಿಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ತೊಗಟೆಯ ಚೂರಾದರೂ ಅದು 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಪನ್ಮೂಲ, ಆದ್ದರಿಂದ ನಿಮ್ಮ ಮಾರ್ಗದರ್ಶಕರ ಮೂಲಕ ಕರ್ನಾಟಕ ಜೀವವೈವಿಧ್ಯ ಮಂಡಳಿಯನ್ನೂ ವಿಚಾರಿಸಿ. ಸಿಕ್ಕ ತಳಿಗಳನ್ನು ಕಾಲೇಜಿನ ಫ್ರಿಜ್ಜಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಂಥ ಸೂಕ್ಷ್ಮಜೀವಿ ತಳಿಗಳ ಸಂಗ್ರಹಾಲಯದಲ್ಲಿ ಠೇವಣಿ ಇಡಿ. ಮಾದರಿ ಸಂಗ್ರಹಕ್ಕೆ ಮಳೆ ನಿಂತ ಮೇಲಿನ ನವೆಂಬರಿನಿಂದ ಜನವರಿಯವರೆಗಿನ ಅವಧಿಯನ್ನು ಆರಿಸಿಕೊಂಡರೆ ತೇವವೂ ತಂಪೂ ಒಟ್ಟಿಗೆ ದೊರೆಯುತ್ತವೆ. ಮಾಧ್ಯಮ ತಯಾರಿಕೆಯ ಪ್ರಮಾಣಗಳು ಬೇಕಿದ್ದರೆ ಇಲ್ಲಿಯೇ ಕೇಳಿ, ಬರೆದು ಕೊಡುತ್ತೇನೆ.